ಪ್ರಾರ್ಥನೆಯ ಉಳಿದರ್ಧ

ಅಂಗಡಿಯ ಹಿಂದಿನ ಕೋಣೆ
ಮಂಗಳವಾರ, ತಾರೀಖು ಹದಿನಾಲ್ಕು, ಮಧ್ಯಾಹ್ನ

ಪ್ರೀತಿಯ ಅತ್ತಿಗೆಗೆ,

ಮೊದಲೇ ಹೇಳಿಬಿಡುತ್ತೇನೆ, ಹೆದರಬೇಡಿ, ನಿಮ್ಮ ತಂಗಿ ಬದುಕಿದ್ದಾಳೆ. ಲಕೋಟೆಯ ಮೇಲೆ ಅವಳ ದುಂಡು ಅಕ್ಷರ ಕಾಣದೆ ಈ ಕೋಳಿ ಕೆದರಿದಂಥ ಬರಹ ಕಂಡ ಕೂಡಲೇ ನಿಮ್ಮ ಎದೆ ಧಸಕ್ಕೆಂದಿರುತ್ತದೆ ಎಂದು ಗೊತ್ತು. ಇನ್ನು, ನೀವು ಹೇಗಿದ್ದೀರಿ? ಮಂಡಿ ನೋವು ಕಡಿಮೆಯಾಯಿತೇ? ಕಣ್ಣಿನ ಪೊರೆ ತೆಗೆಸಿದ ಮೇಲೆ ಸೂಜಿಗೆ ದಾರ ಪೋಣಿಸಲು ಆಗುತ್ತಿದೆಯೇ, ಅಥವಾ ಈಗಲೂ ಹಾಸ್ಟೆಲಿನ ಹುಡುಗಿಯರನ್ನೇ ಕೂಗಬೇಕೇ? ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಆಶ್ಚರ್ಯಪಡಬೇಡಿ. ತಿಂಗಳು ತಿಂಗಳು ನೀವು ಬರೆಯುವ ಕಾಗದವನ್ನು ಅವಳು ಊಟದ ಹೊತ್ತಿಗೆ ಗಟ್ಟಿಯಾಗಿ ಓದುತ್ತಿದ್ದಳು. ನಾನು ಕಿವಿ ಕೇಳಿಸದವನ ಹಾಗೆ ತಟ್ಟೆ ನೋಡುತ್ತ ಕೂತಿರುತ್ತಿದ್ದೆ. ಹಾಸ್ಟೆಲಿನಲ್ಲಿ ನಿಮ್ಮ ಹತ್ತಿರ ಹೊಲಿಗೆ ಕಲಿಯುವ ಯಾವ ಹುಡುಗಿ ತೋಳನ್ನು ತಿರುಗಾಮುರುಗಾ ಹೊಲಿದಳು ಎನ್ನುವುದೂ ನನಗೆ ತಿಳಿದಿದೆ. ಮೂವತ್ತೊಂದು ವರ್ಷದಲ್ಲಿ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಮೇಲೆ ಪ್ರೀತಿಯ ಎಂದು ಬರೆಯುವಾಗ ಕೈ ತಡೆಯಿತು, ಆದರೂ ಬರೆದಿದ್ದೇನೆ.

ಇಂದಿಗೆ ಇಪ್ಪತ್ತೆರಡು ದಿನದ ಹಿಂದೆ, ಸೋಮವಾರ ಬೆಳಗ್ಗೆ, ಅವಳು ನನ್ನನ್ನು ಬೈಯುತ್ತಿದ್ದಳು. ನಾನು ಅಂಗಡಿಗೆ ರಿಪೇರಿಗೆ ಬಂದ ತಕ್ಕಡಿಯ ಚಿಕ್ಕ ಸ್ಕ್ರೂಗಳನ್ನು ಬಚ್ಚಲಿನ ಸೋಪಿನ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಅವು ಎಣ್ಣೆ ಹಿಡಿದಿದ್ದವು, ಸಾಬೂನಿನಿಂದ ತೊಳೆದು ಅಲ್ಲೇ ಮರೆತಿದ್ದೆ. ಈ ಮನೆಯಲ್ಲಿ ಮೈ ತೊಳೆಯೋಕೆ ಹೋದರೆ ಕಬ್ಬಿಣ ಸಿಗತ್ತೆ ಅಂತ ಶುರು ಮಾಡಿದಳು. ನಿಮಗೆ ಗೊತ್ತಲ್ಲ ಅವಳ ಬಾಯಿ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯಲ್ಲಿ ಇಪ್ಪತ್ತಾರು ವರ್ಷ ಮೈಕು ಹಿಡಿದು ಕೂಗಿದವಳು, ನಿವೃತ್ತಿಯಾದ ಮೇಲೆ ಆ ಕೆಲಸವೆಲ್ಲ ನನ್ನ ಕಿವಿಗೆ ಬಂದಿತ್ತು. ಬೈಗುಳ ಅರ್ಧಕ್ಕೆ ನಿಂತಿತು. ನಾನು, ಅಬ್ಬ, ಮುಗಿಯಿತು ಎಂದುಕೊಂಡೆ. ದೇವರು ನನ್ನನ್ನು ಕ್ಷಮಿಸಲಿ, ಹಾಗೇ ಎಂದುಕೊಂಡೆ. ತಿರುಗಿ ನೋಡಿದರೆ ಅವಳ ಬಾಯಿ ಒಂದು ಕಡೆಗೆ ಜಾರಿತ್ತು, ಬಲಗೈಯಿಂದ ಡಬ್ಬಿ ಬಿದ್ದು ಸ್ಕ್ರೂಗಳೆಲ್ಲ ನೆಲದ ತುಂಬ ಚೆಲ್ಲಿದ್ದವು. ಅವಳು ಏನೋ ಹೇಳಲು ನೋಡುತ್ತಿದ್ದಳು, ಬಾಯಿಂದ ಬರೀ ಗಾಳಿ ಬರುತ್ತಿತ್ತು. ಲಕ್ವ ಹೊಡೆದಿದೆ, ಮೆದುಳಿನ ಎಡಗಡೆ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಬಲಗಾಲು ಈಗ ಸ್ವಲ್ಪ ಅಲುಗಾಡುತ್ತದೆ. ಬಲಗೈ ಇನ್ನೂ ಇಲ್ಲ. ಮಾತಿನ ವಿಷಯ ಮುಂದೆ ಹೇಳುತ್ತೇನೆ, ಅದಕ್ಕೇ ಈ ಕಾಗದ.

ಇಪ್ಪತ್ತೆರಡು ದಿನ ಏಕೆ ತಿಳಿಸಲಿಲ್ಲ ಎಂದು ನೀವು ಕೇಳುತ್ತೀರಿ, ಕೇಳಬೇಕು. ನಿಮ್ಮ ಹಾಸ್ಟೆಲಿನ ಆಫೀಸಿಗೆ ಮೂರು ಸಲ ಫೋನು ಮಾಡಿದೆ. ಮೂರು ಸಲವೂ ಯಾರೋ ಒಬ್ಬರು ಎತ್ತಿಕೊಂಡು, ಯಾರು ಮಾತಾಡ್ತಿರೋದು, ನಿಮಗೆ ಅವರು ಏನಾಗಬೇಕು ಎಂದು ಕೇಳಿದರು. ನಾನು ನಿಮಗೆ ಏನಾಗಬೇಕು ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ಇಟ್ಟುಬಿಟ್ಟೆ. ಅದು ನಾಚಿಕೆ ಮಾತ್ರ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಭಯವಾಗಿತ್ತು. ನೀವು ಬಂದುಬಿಟ್ಟರೆ ಏನಾಗುತ್ತದೆ ಎನ್ನುವ ಭಯ. ಅದು ಏಕೆಂದು ಮುಂದಿನದನ್ನು ಓದಿದರೆ ನಿಮಗೇ ತಿಳಿಯುತ್ತದೆ.

ಮೊದಲ ಎಂಟು ದಿನ ಅವಳ ಬಾಯಿಂದ ಒಂದು ಮಾತೂ ಬರಲಿಲ್ಲ. ಆರು ಮಂಚದ ವಾರ್ಡು, ಅವಳದು ಕಿಟಕಿ ಪಕ್ಕದ್ದು. ನಾನು ಬೆಳಗ್ಗೆ ಹತ್ತರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಆರು, ಸ್ಟೂಲಿನ ಮೇಲೆ ಕೂತು ಒಂದೇ ಸಮ ಮಾತಾಡುತ್ತಿದ್ದೆ. ಮನೆಯಲ್ಲಿ ಅವಳು ಮಾತಾಡುವುದು, ನಾನು ಹ್ಞೂಂಗುಡುವುದು ರೂಢಿ, ಈಗ ಪಾತ್ರ ಬದಲಾಗಿ ನನಗೆ ಹೊಸ ಮಾತು ಹುಡುಕುವುದೇ ಕಷ್ಟವಾಯಿತು. ಯಾವ ಅಂಗಡಿಯ ತಕ್ಕಡಿ ಎಷ್ಟು ಗ್ರಾಂ ತಪ್ಪು ತೋರಿಸುತ್ತಿತ್ತು ಎಂದೆಲ್ಲ ಹೇಳಿದೆ. ಸತ್ಯವೇದ ತೆಗೆದುಕೊಂಡು ಹೋಗಿ ದೇವರು ನನ್ನ ಕುರುಬ ಎನ್ನುವ ಕೀರ್ತನೆ ಓದಿದೆ. ಪ್ರತಿ ಭಾನುವಾರ ಮನೆಯಲ್ಲಿ ಇಬ್ಬರೂ ಸೇರಿ ಓದುವುದು ಅದೇ, ಮೂವತ್ತೊಂದು ವರ್ಷದಿಂದ. ಒಂದು ಸಾಲು ನಾನು ಓದಿ ನಿಲ್ಲಿಸುತ್ತಿದ್ದೆ, ಮುಂದಿನದು ಅವಳ ತುಟಿಗೆ ಬರಬಹುದು ಎಂದು. ಬರಲಿಲ್ಲ. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು, ಪಾಪ ಇವನು ಎಷ್ಟು ಕಷ್ಟಪಡ್ತಿದ್ದಾನೆ ಎನ್ನುವ ಹಾಗೆ.

ಒಂಬತ್ತನೇ ದಿನ ಬೆಳಗ್ಗೆ ನಾನು ಅವಳ ತಲೆ ಬಾಚುತ್ತಿದ್ದೆ. ಹಿಂದೆ ನಿಂತಿದ್ದರಿಂದ ಮುಖ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದ ಹಾಗೆ ಅವಳು ಮಾತಾಡಿದಳು. ತೊದಲಲ್ಲ, ಮುರುಕಲ್ಲ. ಬಸ್ ನಿಲ್ದಾಣದ ಮೈಕಿನಲ್ಲಿ ಕೇಳುತ್ತಿದ್ದಂಥ ಸ್ಪಷ್ಟ ಧ್ವನಿ. ನನ್ನ ಕೈಯಿಂದ ಬಾಚಣಿಗೆ ಬಿತ್ತು. ನಮೋ ಮರಿಯೆ ಎಂದು ಶುರುಮಾಡಿ, ದೇವದೂತ ಆ ತಾಯಿಗೆ ಹೇಳಿದ ವಂದನೆಯನ್ನೆಲ್ಲ ಹೇಳಿ, ಅವಳ ಗರ್ಭದ ಕೂಸು ಯೇಸುವಿನ ಹೆಸರಿನ ತನಕ ಬಂದು ಅಲ್ಲಿಗೆ ನಿಲ್ಲಿಸಿದಳು. ನಿಲ್ಲಿಸಿ, ನನ್ನ ಕಡೆ ತಿರುಗಿ, ಹುಬ್ಬು ಏರಿಸಿ ಕಾದಳು. ಅತ್ತಿಗೆ, ನಮ್ಮ ಸಭೆಯಲ್ಲಿ ಯಾರೂ ಹೇಳದ, ನಿಮ್ಮ ಚರ್ಚಿನ ಆ ಜಪವನ್ನು ಮದುವೆಯಾದ ವಾರದಿಂದ ನಾನು ಅವಳ ಬಾಯಲ್ಲಿ ಕೇಳಿರಲಿಲ್ಲ. ನನ್ನ ಜೊತೆ ನನ್ನ ಸಭೆಗೆ ಬಂದಳು, ನಮ್ಮ ಹಾಡು ಹಾಡಿದಳು, ಹೆಂಗಸರ ಕೂಟದಲ್ಲಿ ಪಾಠ ಹೇಳಿದಳು. ನನ್ನ ಹೆಂಡತಿಗೆ ಉಳಿದ ಭಾಷೆಯೆಲ್ಲ ಹೋಗಿ ಅದೊಂದೇ ಉಳಿದಿದೆ ಎಂದು ತಿಳಿದಾಗ ನನಗೆ ಸಂತೋಷವಾಗಲಿಲ್ಲ. ಇಷ್ಟು ವರ್ಷ ನಾನು ಯಾರ ಜೊತೆ ಸಂಸಾರ ಮಾಡಿದೆ, ಇವಳು ಒಳಗೊಳಗೇ ಯಾರ ಜೊತೆ ಮಾತಾಡುತ್ತಿದ್ದಳು ಎಂದು ಯೋಚಿಸತೊಡಗಿದೆ. ಹೊಟ್ಟೆಕಿಚ್ಚು ಎಂದರೂ ತಪ್ಪಿಲ್ಲ.

ಮನೆಗೆ ಬಂದವನೇ ಸುವಾರ್ತೆ ತೆರೆದು ಹುಡುಕಿದೆ. ನನ್ನ ಬುದ್ಧಿಯೇ ಅದು, ಯಾವ ತೂಕದ ಬಟ್ಟು ಕೈಗೆ ಬಂದರೂ ಅಸಲು ಬಟ್ಟಿನ ಜೊತೆ ಇಟ್ಟು ನೋಡದೆ ಬಿಡುವವನಲ್ಲ. ಅವಳು ಹೇಳುವ ಅರ್ಧ ಹೆಚ್ಚುಕಡಿಮೆ ಅಲ್ಲೇ ಇದೆ. ಸ್ವಲ್ಪ ದೇವದೂತನ ಬಾಯಲ್ಲಿ, ಸ್ವಲ್ಪ ಆ ತಾಯಿಯ ಬಂಧು ಹೆಂಗಸಿನ ಬಾಯಲ್ಲಿ, ಎರಡನ್ನೂ ಜೋಡಿಸಿದ್ದೀರಿ. ಬಟ್ಟೆ ಪುಸ್ತಕದ್ದು, ಹೊಲಿಗೆ ನಿಮ್ಮವರದು. ಸರಿ, ಅಷ್ಟನ್ನು ನಾನೂ ಅಂಜಿಕೆಯಿಲ್ಲದೆ ಹೇಳಬಹುದು ಎಂದು ಸಮಾಧಾನ ಮಾಡಿಕೊಂಡೆ. ಮರುದಿನ ಅವಳು ಶುರುಮಾಡಿದಾಗ ನಾನೂ ಜೊತೆಗೂಡಿದೆ. ಅವಳು ಎಡಗೈ ಎತ್ತಿ ನನ್ನ ಬಾಯಿ ಮುಚ್ಚಿಸಿದಳು. ಆ ಅರ್ಧ ಅವಳದು, ಅದಕ್ಕೆ ಜೊತೆ ಬೇಕಿರಲಿಲ್ಲ. ಹೆಸರಿನ ತನಕ ಬಂದು ಮತ್ತೆ ನಿಂತಳು, ಮತ್ತೆ ಕಾದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಮತ್ತೆ ಮೊದಲಿನಿಂದ ಹೇಳಿದಳು, ಮತ್ತೆ, ಮತ್ತೆ, ಇನ್ನೂ ಬೇಗ ಬೇಗ. ಹಣೆಯಲ್ಲಿ ಬೆವರೊಡೆದು, ಕಣ್ಣಲ್ಲಿ ನೀರು ಬಂದು, ಮಂಚದ ಪಕ್ಕದ ನಾಡಿ ಎಣಿಸುವ ಯಂತ್ರ ಕೂಗತೊಡಗಿತು. ನರ್ಸು ಓಡಿಬಂದು ನನ್ನನ್ನೇ ಹೊರಗೆ ಕಳಿಸಿದಳು.

ಕಾರಣ ತಿಳಿದದ್ದು ಹನ್ನೊಂದನೇ ದಿನ. ವಾರ್ಡಿನಲ್ಲಿ ನೆಲ ಒರೆಸುವ ಒಬ್ಬ ಹೆಂಗಸಿದ್ದಾಳೆ, ನಲವತ್ತರ ಆಸುಪಾಸು, ಯಾರ ತಂಟೆಗೂ ಹೋಗದವಳು. ಅವಳು ಬಗ್ಗಿ ಮಂಚದ ಕೆಳಗೆ ಒರೆಸುತ್ತಿದ್ದಳು. ನಿಮ್ಮ ತಂಗಿ ತನ್ನ ಅರ್ಧ ಹೇಳಿ ನಿಂತಳು. ನಾನು ಎಂದಿನ ಹಾಗೆ ಕಿಟಕಿಯ ಕಡೆ ನೋಡಿದೆ. ಆಗ ಮಂಚದ ಕೆಳಗಿನಿಂದ ಉತ್ತರ ಬಂತು. ಆ ಹೆಂಗಸು ತಲೆ ಕೂಡ ಎತ್ತಲಿಲ್ಲ. ಒರೆಸುತ್ತ ಒರೆಸುತ್ತಲೇ, ದೇವರ ತಾಯಿಯೇ, ಪಾಪಿಗಳಾದ ನಮಗಾಗಿ ಬೇಡಿಕೋ ಎನ್ನುವ ಅದರ ಉಳಿದರ್ಧವನ್ನು ಆಮೆನ್ ತನಕ ಹೇಳಿ ಮುಗಿಸಿ, ಬಕೆಟ್ಟನ್ನು ಮುಂದಕ್ಕೆ ತಳ್ಳಿದಳು. ನಿಮ್ಮ ತಂಗಿಯ ಮುಖ ನೀವು ನೋಡಬೇಕಿತ್ತು. ಜಾರಿದ್ದ ಬಾಯಿಯೂ ನಕ್ಕಿತು. ಕೂಡಲೇ ಎರಡನೆಯದು ಶುರುಮಾಡಿದಳು, ಅದಕ್ಕೂ ಕೆಳಗಿನಿಂದ ಉತ್ತರ. ಹೀಗೆ ಹತ್ತು. ಆರು ಮಂಚದ ಕೆಳಗೂ ಒರೆಸಿ ಮುಗಿಯುವ ಹೊತ್ತಿಗೆ ನಿಮ್ಮ ತಂಗಿ ಮಗುವಿನ ಹಾಗೆ ನಿದ್ದೆಹೋಗಿದ್ದಳು. ಆಗ ನನಗೆ ನೆನಪಾಯಿತು. ಮದುವೆಯ ಹೊಸತರಲ್ಲಿ ಅವಳೇ ಹೇಳಿದ್ದಳು. ನಿಮ್ಮ ಅಮ್ಮ ಹೋದ ಮೇಲೆ ಸಂಜೆ ಹೊತ್ತು ನೀವು ಹೊಲಿಗೆ ಮಿಷನ್ ತುಳಿಯುತ್ತಿದ್ದಿರಂತೆ, ಅವಳು ಕೆಳಗೆ ಕೂತು ಗುಂಡಿಗಳನ್ನು ಜಪಸರದ ಮಣಿಗಳ ಹಾಗೆ ಎಣಿಸುತ್ತ ಮೊದಲರ್ಧ ಹೇಳುತ್ತಿದ್ದಳಂತೆ, ನೀವು ಮಿಷನ್ ನಿಲ್ಲಿಸದೆ ಉಳಿದರ್ಧ ಹೇಳುತ್ತಿದ್ದಿರಂತೆ. ನೀವು ಗುಬ್ಬಿ ಎಂದು ಕರೆಯುವ ತಂಗಿ ಅರ್ಧಕ್ಕೆ ನಿಂತು ಕಾಯುತ್ತಿರುವುದು ನಿಮ್ಮನ್ನು. ನೀವು ಬಂದರೆ ಅವಳು ಪೂರ್ತಿ ನಿಮ್ಮವಳಾಗಿಬಿಡುತ್ತಾಳೆ ಎನ್ನುವುದೇ ನಾನು ಮೇಲೆ ಹೇಳಿದ ಭಯ.

ಮಾತು ಕಲಿಸಲು ಬರುವ ಟೀಚರಮ್ಮ ಚಿಕ್ಕ ವಯಸ್ಸಿನವಳು, ಯಾವ ಗುಡಿಗೂ ಚರ್ಚಿಗೂ ಹೋಗುವವಳ ಹಾಗೆ ಕಾಣುವುದಿಲ್ಲ, ಆದರೆ ವಿಷಯ ಕೇಳಿ ಕುಣಿದಾಡಿದಳು. ಬಾಯಿಪಾಠ ಮಾಡಿದ ಪ್ರಾರ್ಥನೆ, ಹಾಡು, ಎಣಿಕೆ ಇವೆಲ್ಲ ಮೆದುಳಿನಲ್ಲಿ ಬೇರೆ ದಾರಿ ಹಿಡಿದು ಬರುತ್ತವಂತೆ. ಆ ದಾರಿಯಲ್ಲೇ ಮೆಲ್ಲಗೆ ಉಳಿದ ಮಾತನ್ನೂ ಕರೆತರಬಹುದು, ಆದರೆ ಎದುರಿಗೆ ಉತ್ತರ ಹೇಳುವವರು ಬೇಕು, ಮನೆಯವರೇ ಆದರೆ ಒಳ್ಳೆಯದು, ಮೊದಲ ವಾರಗಳು ತುಂಬ ಮುಖ್ಯ ಎಂದಳು. ನೆಲ ಒರೆಸುವ ಹೆಂಗಸನ್ನು ಮರುವಾರವೇ ಇನ್ನೊಂದು ಕಟ್ಟಡಕ್ಕೆ ಹಾಕಿದರು. ಟೀಚರಮ್ಮ ನನ್ನ ಕಡೆ ತಿರುಗಿ, ನೀವೇ ಹೇಳಿ ಅಂಕಲ್, ಎರಡೇ ಎರಡು ಸಾಲು ತಾನೆ ಎಂದಳು. ಎರಡೇ ಎರಡು ಸಾಲು! ಆ ಎರಡು ಸಾಲಿಗಾಗಿ ನಾನೂ ನೀವೂ ಮೂವತ್ತೊಂದು ವರ್ಷ ಮಾತು ಬಿಟ್ಟಿದ್ದೇವೆ ಎಂದು ಆ ಹುಡುಗಿಗೆ ಹೇಗೆ ಹೇಳಲಿ?

ನಿಮ್ಮ ಜೊತೆ ಆಡಿದ ಜಗಳವೆಲ್ಲ ಈಗ ಒಂದೊಂದಾಗಿ ನೆನಪಾಗುತ್ತಿದೆ. ನಾನು, ದೇವರಿಗೂ ನಮಗೂ ನಡುವೆ ಇರುವವನು ಒಬ್ಬನೇ, ಸತ್ತವರನ್ನು ಬೇಡಿಕೊಳ್ಳುವುದು ಪುಸ್ತಕದಲ್ಲಿಲ್ಲ ಎಂದಿದ್ದೆ. ನೀವು, ನಿನಗೆ ಜ್ವರ ಬಂದರೆ ನನಗಾಗಿ ಪ್ರಾರ್ಥನೆ ಮಾಡಿ ಅಂತ ಸಭೆಗೆ ಚೀಟಿ ಕಳಿಸ್ತೀಯಲ್ಲ, ನಾನು ಆ ತಾಯಿಗೆ ಕಳಿಸ್ತೀನಿ, ಅಷ್ಟೇ ಎಂದಿರಿ. ಸಭೆಯವರು ಬದುಕಿದ್ದಾರೆ ಎಂದೆ. ಅವಳು ಸತ್ತಿದ್ದಾಳೆ ಅಂತ ನಿನಗೆ ಯಾರು ಹೇಳಿದ್ದು ಎಂದಿರಿ. ಆಮೇಲೆ ನೀವು ಕೇಳಿದ ಒಂದು ಪ್ರಶ್ನೆಗೆ ನಾನು ಇವತ್ತಿನ ತನಕ ಒಳಗೊಳಗೇ ಉತ್ತರ ಹುಡುಕುತ್ತಿದ್ದೇನೆ. ಪುಸ್ತಕದಲ್ಲಿರೋದು ಮಾತ್ರ ಲೆಕ್ಕಕ್ಕೆ ಅಂತ ಪುಸ್ತಕದ ಯಾವ ಪುಟದಲ್ಲಿದೆ, ತೋರಿಸಪ್ಪ ತಕ್ಕಡಿ ಸಾಹೇಬ, ಯಾವ ಪುಸ್ತಕ ಒಳಗೆ, ಯಾವುದು ಹೊರಗೆ ಅಂತ ತೀರ್ಮಾನ ಮಾಡಿದೋರು ಯಾರು ಎಂದು ಕೇಳಿದ್ದಿರಿ. ನನ್ನ ಹತ್ತಿರವೂ ಮಾತಿಲ್ಲದೆ ಇಲ್ಲ. ಹೇಳುವವರು ಬದಲಾಗುತ್ತಾರೆ, ಬರೆದದ್ದು ಬದಲಾಗುವುದಿಲ್ಲ, ಮನುಷ್ಯರ ಮಾತಿಗೆಲ್ಲ ಮುದ್ರೆ ಒತ್ತುತ್ತ ಹೋದರೆ ಕೊನೆಗೆ ಯಾವುದು ಅಸಲು ಎಂದೇ ಗೊತ್ತಾಗದು. ಇದನ್ನು ನಾನು ಈಗಲೂ ನಂಬುತ್ತೇನೆ. ಆದರೆ ಅಂದು ಇಷ್ಟು ನೆಟ್ಟಗೆ ಹೇಳಲು ಬರದೆ ಸಿಟ್ಟು ನೆತ್ತಿಗೇರಿತು. ಮದುವೆಗೆಂದು ನೀವು ತಂದುಕೊಟ್ಟ ಆ ತಾಯಿಯ ಚಿಕ್ಕ ಪ್ರತಿಮೆಯನ್ನು ನಿಮ್ಮ ಕಣ್ಣೆದುರೇ, ಗಿರಾಕಿಗಳ ಎದುರೇ, ತಕ್ಕಡಿಯ ತಟ್ಟೆಯಲ್ಲಿಟ್ಟು ತೂಗಿದೆ. ಮುನ್ನೂರ ನಲವತ್ತು ಗ್ರಾಂ, ಬರೀ ಸುಣ್ಣ ಎಂದೆ. ಒಬ್ಬ ಗಿರಾಕಿ ನಕ್ಕ. ನಿಮ್ಮ ತಂಗಿ ಏನೂ ಜಗಳವಾಡಲಿಲ್ಲ. ಅದನ್ನು ಕರವಸ್ತ್ರದಲ್ಲಿ ಸುತ್ತಿ ನಿಮ್ಮ ಚೀಲದಲ್ಲಿಟ್ಟು, ನಿನ್ನ ಹತ್ರಾನೇ ಇರಲಿ ಅಕ್ಕ, ಇಲ್ಲಿ ಇದನ್ನ ತೂಗ್ತಾರೆ ಎಂದಳು. ಅವಳನ್ನು ನನ್ನ ಸಭೆಗೆ ಬಾ ಎಂದು ನಾನು ಬಲವಂತ ಮಾಡಲಿಲ್ಲ ಎಂದು ಮೂವತ್ತೊಂದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಬಲವಂತ ಮಾಡಲಿಲ್ಲ ನಿಜ, ತೂಗಿ ತೋರಿಸಿದೆ, ಅಷ್ಟೇ. ತಪ್ಪಾಯಿತು ಅತ್ತಿಗೆ. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಗಬಾರದಿತ್ತು.

ಶನಿವಾರ ನಮ್ಮ ಸಭೆಯ ಪಾಸ್ಟರು ಬಂದಿದ್ದರು. ವಯಸ್ಸಿನಲ್ಲಿ ನನ್ನ ಮಗನಷ್ಟಿರಬಹುದು, ನಮಗೆ ಮಕ್ಕಳಿಲ್ಲ, ಹಾಗಾಗಿ ಅಂದಾಜು. ಒಳ್ಳೆಯ ಹುಡುಗ. ಅವರ ಎದುರಿಗೇ ಇವಳು ಶುರುಮಾಡಿದಳು. ಭಾನುವಾರ ಭಾನುವಾರ ಸಭೆಯಲ್ಲಿ ವೇದಪಾಠ ಓದುವವನು ನಾನು, ನನ್ನ ಹೆಂಡತಿಯ ಬಾಯಲ್ಲಿ ಇದು. ಪಾಸ್ಟರು ಕೊನೆಯ ತನಕ ತಲೆ ತಗ್ಗಿಸಿ ಕೇಳಿದರು. ಹೊರಗೆ ಬಂದ ಮೇಲೆ ನಾನು ನೇರವಾಗಿ ಕೇಳಿದೆ, ಉತ್ತರ ಹೇಳಿದರೆ ಅದು ಪಾಪವೇ, ನಂಬದೆ ಹೇಳಿದರೆ ದೇವರ ಎದುರು ಸುಳ್ಳಾಡಿದ ಹಾಗಲ್ಲವೇ ಎಂದು. ಅವರು, ಹಿರಿಯರೇ, ಪುಸ್ತಕದಲ್ಲಿ ನೋಡಿ ಹೇಳ್ತೀನಿ ಎಂದರು. ಮೂರು ದಿನವಾಯಿತು, ಇನ್ನೂ ನೋಡುತ್ತಿದ್ದಾರೆ. ನಾನು ಅವರನ್ನು ಹಂಗಿಸುತ್ತಿಲ್ಲ. ನಾನೂ ನೋಡಿದ್ದೇನೆ, ಮೊದಲ ಪುಟದಿಂದ ಕೊನೆಯ ಪುಟದ ತನಕ. ಮಾತು ಕಳೆದುಕೊಂಡ ಹೆಂಡತಿ, ಗಂಡ ತಪ್ಪೆಂದು ತಿಳಿದ ಪ್ರಾರ್ಥನೆಗೆ ಉತ್ತರ ಕೇಳಿದರೆ ಅವನು ಏನು ಮಾಡಬೇಕು ಎಂದು ಎಲ್ಲೂ ಬರೆದಿಲ್ಲ.

ಈಗ ಇನ್ನೊಂದು ಸುದ್ದಿ. ನಿನ್ನೆ ದೊಡ್ಡ ಡಾಕ್ಟರು ಮಂಚದ ಪಕ್ಕವೇ ನಿಂತು ಎಲ್ಲ ವಿವರಿಸಿದರು. ಅವಳ ಕುತ್ತಿಗೆಯ ರಕ್ತನಾಳ ಮುಕ್ಕಾಲು ಭಾಗ ಕಟ್ಟಿಕೊಂಡಿದೆಯಂತೆ. ಬಿಟ್ಟರೆ ಇನ್ನೊಂದು ಲಕ್ವ ಖಂಡಿತ. ಶುಕ್ರವಾರ ಬೆಳಗ್ಗೆ ಅದನ್ನು ಕೊಯ್ದು ಶುಚಿ ಮಾಡುತ್ತಾರೆ. ನೂರು ಜನರಲ್ಲಿ ಐದಾರು ಜನಕ್ಕೆ ಆ ಮೇಜಿನ ಮೇಲೆಯೇ ಎಡವಟ್ಟಾಗುತ್ತದೆ ಎಂದು ಕೂಡ ಹೇಳಿ, ನನ್ನಿಂದ ಸಹಿ ಹಾಕಿಸಿಕೊಂಡರು. ಸಹಿ ನನ್ನದೇ ಎಂದು ಗುರುತು ಸಿಗುವ ಹಾಗಿರಲಿಲ್ಲ. ಅತ್ತಿಗೆ, ನನಗೆ ಪ್ರಾಣಭಯವಾಗಿದೆ. ಅಂಗಡಿಯಲ್ಲಿ ಕೂತರೆ ತಕ್ಕಡಿಯ ಮುಳ್ಳು ಎಲ್ಲಿ ನಿಂತಿದೆ ಎಂದೇ ಕಾಣುವುದಿಲ್ಲ. ಸತ್ತವರಿಗೆ ನಮ್ಮ ಮಾತು ಕೇಳಿಸದು ಎಂದು ನಿಮ್ಮ ಹತ್ತಿರ ಮೇಜು ಗುದ್ದಿ ವಾದಿಸಿದವನು ನಾನು. ಶುಕ್ರವಾರ ಏನಾದರೂ ಹೆಚ್ಚುಕಡಿಮೆಯಾದರೆ ನಾನು ಅವಳಿಗೆ ಹೇಳುವುದೊಂದೂ ಅವಳಿಗೆ ಕೇಳಿಸದು ಎನ್ನುವುದು ನನ್ನದೇ ಸಿದ್ಧಾಂತ. ನಾನು ಸರಿ ಎಂದು ಇಷ್ಟು ದಿನ ಹೆಮ್ಮೆಯಿತ್ತು. ಈಗ ನಾನು ಸರಿ ಇರಬಹುದು ಎನ್ನುವುದೇ ಹೆದರಿಕೆ.

ಆದ್ದರಿಂದ ಒಂದು ಉಪಕಾರ ಕೇಳುತ್ತೇನೆ. ದಾರಿ ದೂರ, ನಿಮ್ಮ ಮಂಡಿ ನೋವು ಬೇರೆ, ನೀವು ಬರುವ ತೊಂದರೆ ತೆಗೆದುಕೊಳ್ಳಬೇಡಿ. ಹಾಸ್ಟೆಲಿನ ಯಾವುದಾದರೂ ಹುಡುಗಿಯ ಫೋನಿನಲ್ಲಿ ಆ ಉಳಿದರ್ಧವನ್ನು ನಿಮ್ಮ ಧ್ವನಿಯಲ್ಲಿ ಹತ್ತು ಸಲ, ನಡುನಡುವೆ ಅವಳು ತನ್ನ ಅರ್ಧ ಹೇಳುವಷ್ಟು ಬಿಡುವು ಕೊಟ್ಟು, ರೆಕಾರ್ಡ್ ಮಾಡಿಸಿ ಕಳಿಸಿಬಿಡಿ. ಟೀಚರಮ್ಮನ ನಂಬರು ಈ ಕಾಗದದ ಹಿಂದೆ ಬರೆದಿದ್ದೇನೆ. ಹಿಂದೆ ಮಿಷನ್ನಿನ ಸದ್ದು ಇದ್ದರೆ ಇನ್ನೂ ಒಳ್ಳೆಯದು. ಹಾಗಾದರೆ ಅವಳಿಗೆ ಉತ್ತರವೂ ಸಿಕ್ಕಿತು, ನನ್ನ ಬಾಯೂ ಸುಳ್ಳಾಡಲಿಲ್ಲ. ಇದು ಪುಕ್ಕಲುತನ ಎಂದು ನೀವು ಬೈಯುವುದು ನನಗೆ ಇಲ್ಲಿಗೇ ಕೇಳಿಸುತ್ತಿದೆ, ಬೈದುಕೊಂಡೇ ಕಳಿಸಿ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಡಿಪೋದಲ್ಲಿ ಅವಳ ಜೊತೆ ಕೆಲಸ ಮಾಡಿದವರು ಇನ್ನೂ ಇದ್ದಾರೆ, ಸಂಜೆ ಆರೂವರೆಯ ಬಸ್ಸಿನ ಡ್ರೈವರ್ ಕೈಯಲ್ಲಿ ಕೊಟ್ಟರೆ ನಾಳೆ ಬೆಳಗ್ಗೆ ನಿಮ್ಮ ಬಾಗಿಲಿಗೇ ತಂದುಕೊಡುತ್ತಾನೆ. ಅವಳನ್ನು ಅವನು ಮೈಕಕ್ಕ ಎಂದೇ ಕರೆಯುವುದು. ಸುದ್ದಿ ಕೇಳಿ ಸ್ಟೀರಿಂಗಿಗೆ ತಲೆ ಕೊಟ್ಟು ಅತ್ತುಬಿಟ್ಟ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ಹಾಸ್ಟೆಲಿನ ಹುಡುಗಿಯರಿಗೆಲ್ಲ ನನ್ನ ಶುಭಾಶೀರ್ವಾದ, ತೋಳು ತಿರುಗಾಮುರುಗಾ ಹೊಲಿದವಳಿಗೆ ಒಂದು ಹಿಡಿ ಹೆಚ್ಚು. ನಮ್ಮಿಬ್ಬರ ದೇವರು ಒಬ್ಬನೇ ಎನ್ನುವುದರಲ್ಲಿ ಜಗಳವಿಲ್ಲ, ಅವನು ನಿಮ್ಮನ್ನು ಕಾಯಲಿ.

ಇಂತಿ,
ನಿಮ್ಮ ತಂಗಿಯ ಗಂಡ,
ನೀವೇ ಹೆಸರಿಟ್ಟ ತಕ್ಕಡಿ ಸಾಹೇಬ

ಮರೆತ ಮಾತು: ಡಿಪೋದಲ್ಲಿ ನಿಂತು ಬರೆಯುತ್ತಿದ್ದೇನೆ, ಬಸ್ಸು ಹೊರಡಲು ಹತ್ತು ನಿಮಿಷವಿದೆ, ಅಕ್ಷರ ಓಡಿದರೆ ಕ್ಷಮಿಸಿ. ರೆಕಾರ್ಡ್ ಬೇಡ. ಮೇಲೆ ಬರೆದದ್ದನ್ನು ಬಿಟ್ಟುಬಿಡಿ. ನಾಲ್ಕು ಗಂಟೆಗೆ ಆಸ್ಪತ್ರೆಗೆ ಹೋದಾಗ ಟೀಚರಮ್ಮ ಇದ್ದಳು. ನಿಮ್ಮ ತಂಗಿ ಎಂದಿನ ಹಾಗೆ ಶುರುಮಾಡಿ ನಿಂತಳು, ನನ್ನನ್ನೇ ನೋಡಿದಳು, ಯಂತ್ರ ಕೂಗಲು ಶುರುವಾಯಿತು. ತಡೆಯಲಾರದೆ ನಾನು ಬಾಯಿಬಿಟ್ಟೆ. ಆದರೆ ನನ್ನ ಬುದ್ಧಿ ಎಲ್ಲಿ ಹೋಗುತ್ತದೆ, ಹೇಳುತ್ತಲೇ ತಿದ್ದಿದೆ. ದೇವರ ತಾಯಿ ಎನ್ನುವ ಕಡೆ ಯೇಸುವಿನ ತಾಯಿ ಎಂದೆ, ಅದಾದರೆ ಪುಸ್ತಕದಲ್ಲಿದೆಯಲ್ಲ. ನಮಗಾಗಿ ಬೇಡಿಕೋ ಎನ್ನುವ ಕಡೆ ನಮ್ಮ ಜೊತೆ ಬೇಡಿಕೋ ಎಂದೆ. ಸಾವಿನ ಗಳಿಗೆ ಎಂದು ಬರುತ್ತದಲ್ಲ, ಅದನ್ನು ಹೆದರಿ ನುಂಗಿಬಿಟ್ಟೆ. ಅವಳು ಎಡಗೈಯಿಂದ ಮಂಚದ ಕಂಬಿಗೆ ಪಟ್ಟನೆ ಹೊಡೆದು, ಅಲ್ಲ, ಎಂದಳು.

ಅಲ್ಲ ಎಂದಳು ಅತ್ತಿಗೆ! ಇಪ್ಪತ್ತೆರಡು ದಿನಕ್ಕೆ ಅವಳದೇ ಆದ ಮೊದಲ ಮಾತು, ಬಾಯಿಪಾಠವಲ್ಲದ್ದು, ಅದೂ ನನ್ನನ್ನು ಬೈಯಲು. ಟೀಚರಮ್ಮ ಎದ್ದು ನಿಂತುಬಿಟ್ಟಳು. ನನಗೆ ಸಂತೋಷ ಒಂದು ಕ್ಷಣ, ಆಮೇಲೆ ಜೀವ ಬಾಯಿಗೆ ಬಂತು. ತಪ್ಪಿದ್ದು ಗೊತ್ತಾಗಬೇಕಾದರೆ ಅರ್ಥವೂ ಗೊತ್ತಿರಬೇಕು. ಅವಳು ಗಿಳಿಪಾಠ ಒಪ್ಪಿಸುತ್ತಿರಲಿಲ್ಲ. ನಿನ್ನೆ ಡಾಕ್ಟರು ಹೇಳಿದ್ದನ್ನೆಲ್ಲ ಅವಳು ಕೇಳಿಸಿಕೊಂಡಿದ್ದಾಳೆ. ಈಗಲೂ, ಸಾಯುವ ಗಳಿಗೆಯಲ್ಲೂ ಎನ್ನುವ ಆ ಮಾತನ್ನೇ ಅವಳು ಕಾಯುತ್ತಿದ್ದದ್ದು, ಅವಳಿಗೂ ಭಯವಾಗಿದೆ, ನನಗಿಂತ ಹೆಚ್ಚು. ನಾನು ಮತ್ತೆ ಹೇಳಿದೆ, ಒಂದಕ್ಷರ ಬಿಡದೆ, ಆ ನೆಲ ಒರೆಸುವ ಹೆಂಗಸು ಹೇಳಿದ ಹಾಗೇ. ಹತ್ತು ಸಲ ಹೇಳಿದೆ. ಯಂತ್ರ ಸುಮ್ಮನಾಯಿತು. ಆದರೆ ಮೊದಲ ಸಲ ಅಲ್ಲ ಎಂದು ಹೊಡೆದವಳು ಕೊನೆಗೆ ನನ್ನ ಕೈ ಹಿಡಿದು ತಟ್ಟುತ್ತಿದ್ದಳು, ಇರಲಿ ಬಿಡು, ನಿನಗೆ ಕಷ್ಟ ಎನ್ನುವ ಹಾಗೆ. ನಾನು ನಂಬದೆ ಹೇಳುತ್ತಿದ್ದೇನೆ ಎಂದು ಅವಳಿಗೆ ಗೊತ್ತು. ನಂಬುವ ಹಾಗೆ ನಟಿಸಲು ನನಗೆ ಬರುವುದಿಲ್ಲ, ಅವಳೂ ಅದನ್ನು ಕೇಳುತ್ತಿಲ್ಲ. ಶುಕ್ರವಾರ ಏಳು ಗಂಟೆಗೆ ಅವಳನ್ನು ಒಳಗೆ ಕರೆದುಕೊಂಡು ಹೋಗುತ್ತಾರೆ. ಅವಳ ಕೈ ಬಿಡುವ ತನಕ ಆ ಮಾತನ್ನು ನಿಜವಾಗಿ ನಂಬಿ ಹೇಳುವವರು ಒಬ್ಬರಾದರೂ ಪಕ್ಕದಲ್ಲಿರಬೇಕು, ಅದು ನನ್ನಿಂದ ಆಗದು. ನಾಳೆ ಮಧ್ಯಾಹ್ನ ಇದೇ ಬಸ್ಸು ವಾಪಸು ಹೊರಡುತ್ತದೆ, ಡ್ರೈವರ್ ಹಾಸ್ಟೆಲಿನ ಬಾಗಿಲಲ್ಲೇ ನಿಮ್ಮನ್ನು ಹತ್ತಿಸಿಕೊಳ್ಳುತ್ತಾನೆ, ಮುಂದಿನ ಸೀಟು ನಿಮ್ಮದು. ಬನ್ನಿ ಅಕ್ಕಾ. ನೀವು ಹೇಳುವಾಗ ನಾನು ಹೊರಗೆ ಹೋಗುವುದಿಲ್ಲ.